ತೊಳೆಯದ ಕೈಗವಸುಗಳು

ಶನಿವಾರ ಸೋತ ಆಟವನ್ನು ಭಾನುವಾರ ಮತ್ತೊಮ್ಮೆ ಆಡಿ ಗೆಲ್ಲುವವರು ಸೀಡರ್ ಫೋರ್ಕ್ ಊರಿನಲ್ಲಿ ಏಳು ಜನ ಇದ್ದರು. ಚರ್ಚಿನಿಂದ ನೇರವಾಗಿ ಬಂದು, ಕುತ್ತಿಗೆಯ ಟೈ ಸಡಿಲಿಸಿ, ಜೋಲೀನಳ ಹೋಟೆಲಿನ ಕಿಟಕಿ ಪಕ್ಕದ ದುಂಡು ಮೇಜಿಗೆ ಅವರು ಕೂತರೆಂದರೆ ಮಧ್ಯಾಹ್ನದವರೆಗೆ ಆ ಮೇಜು ಬೇರೆಯವರಿಗಿಲ್ಲ. ಹುರುಳಿ ಹಾಕಿದ ಚಿಲ್ಲಿ ಸಾರಿನ ಬಟ್ಟಲು, ಅದರಲ್ಲಿ ಅದ್ದಿಕೊಳ್ಳಲು ಅಂಗೈ ಅಗಲದ ದಾಲ್ಚಿನ್ನಿ ಬನ್ನು, ಮುಗಿಯದ ಕಾಫಿ. ಹೊರಗೆ ಜೋಳ ಕಟಾವಿನ ಯಂತ್ರಗಳು ಭಾನುವಾರವೆಂದೂ ನೋಡದೆ ಧೂಳೆಬ್ಬಿಸುತ್ತಿದ್ದವು. ಅಕ್ಟೋಬರ್ ಅರ್ಧ ಕಳೆದಿತ್ತು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಆರು ಆಟದಲ್ಲಿ ನಾಲ್ಕು ಸೋತಿತ್ತು.

"ಎಸೀತಾನೆ, ಎಸೀತಾನೆ, ಮತ್ತೆ ಎಸೀತಾನೆ," ಅಂದ ವೆಂಡೆಲ್ ಟೀಮನ್. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಜಗತ್ತಿನಲ್ಲಿ ಉಳಿದಿದ್ದ ದೂರು ಇದೊಂದೇ. "ಮೂರೇ ಗಜ ಮುಂದೆ ಹೋಗಬೇಕಾದಾಗಲೂ ಚೆಂಡು ಎಸಿ ಅಂತಾನಲ್ಲ ಆ ಹುಡುಗ. ಮೂರು ಗಜ ನಾನೇ ಓಡಿ ಕೊಡ್ತೀನಿ."

"ನೀನಾ? ಇಲ್ಲಿಂದ ಬಾತ್‌ರೂಮಿಗೆ ಹೋಗೋಷ್ಟರಲ್ಲಿ ಎರಡು ಸಲ ನಿಂತ್ಕೋತೀಯ," ಅಂದಳು ಜೋಲೀನ್, ಕಾಫಿ ಬಗ್ಗಿಸುತ್ತ.

ಆ ಹುಡುಗನೆಂದರೆ ಟ್ರೆಂಟ್ ಎಕಾರ್ಡ್, ಆಕ್ರಮಣದ, ಅಂದರೆ ಚೆಂಡು ತಮ್ಮ ಕೈಯಲ್ಲಿರುವಾಗಿನ ಆಟದ, ಹೊಸ ಕೋಚ್. ವಯಸ್ಸು ಇಪ್ಪತ್ತೊಂಬತ್ತು. ಅವನಿಗಿಂತ ಮುಂಚೆ ಇದ್ದವನು ಇಪ್ಪತ್ತೆಂಟು ವರ್ಷ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದನ್ನಷ್ಟೇ ಕಲಿಸಿದ್ದ. ಊರಿಗೆ ಅದೇ ಆಟ, ಮಿಕ್ಕಿದ್ದೆಲ್ಲ ಹುಡುಗಾಟ. ಟ್ರೆಂಟ್ ಬಂದವನೇ ಅರ್ಧ ಓಟ, ಅರ್ಧ ಎಸೆತ ಎಂದು ಮಾಡಿದ್ದ.

"ಎಸೆಯೋದು ತಪ್ಪಲ್ಲ ಕಣೋ," ಅಂದ ಲೈಲ್ ಪ್ರೊಹಾಸ್ಕಾ. ಶಾಲಾ ಬಸ್ಸು ಓಡಿಸುವ ಲೈಲ್ ಮೇಜಿನಲ್ಲಿ ಎಲ್ಲರಿಗಿಂತ ತಾಳ್ಮೆಯವನು. "ನಾನು ನೋಡ್ತಾ ಇದೀನಿ. ನಾವು ಓಡೋ ಸಲ ಅವರು ಮುಂದೆ ನುಗ್ತಾರೆ. ಎಸೆಯೋ ಸಲ ಹಿಂದೆ ಸರೀತಾರೆ. ನಾವೇ ಮೊದಲು ಚೀಟಿ ಬರೆದು ಕಳಿಸಿದ ಹಾಗೆ. ಇವನ ತಲೇಲಿ ಇರೋದು ಎದುರಾಳಿಗೆ ಬೆಳಗ್ಗೇನೇ ಗೊತ್ತಾಗಿಬಿಡುತ್ತೆ."

"ಅದೇ ನಾನೂ ಬರೆದಿದ್ದು," ಅಂದ ಗೇಲೆನ್ ಶ್ರೋಡರ್.

ಕಾಗದ ಬರೆದವನು ಗೇಲೆನ್. ಊರಿನ ನಲ್ಲಿ, ಪೈಪು, ಬಾಯ್ಲರು ರಿಪೇರಿ ಮಾಡುವವನಾದರೂ ಅವನ ಅಕ್ಷರ ದುಂಡಗಿತ್ತು. ಅದೂ ಅಲ್ಲದೆ ನಲವತ್ತು ವರ್ಷದ ಹಿಂದೆ ಇದೇ ತಂಡದಲ್ಲಿ ಎದುರಾಳಿಯನ್ನು ತಡೆಯುವ ಮುಂಸಾಲಿನ ಎಡಗಡೆ ಗಾರ್ಡ್ ಆಗಿ ಆಡಿದ್ದ, ಮಾತಿಗೆ ತೂಕವಿತ್ತು. ಈ ಋತು ಮುಗಿದ ಕೂಡಲೇ ಆಕ್ರಮಣದ ಕೋಚನ್ನು ಬದಲಿಸಬೇಕು ಎಂದು ಕಾಲೇಜಿನ ಕ್ರೀಡಾ ಮುಖ್ಯಸ್ಥರಿಗೆ ಅರ್ಜಿ. ದುಂಡು ಮೇಜಿಗೆ ಒಂದು ನಿಯಮವಿತ್ತು: ಏಳೂ ಜನ ಸಹಿ ಹಾಕದ ಕಾಗದ ಬಾಗಿಲು ದಾಟುವುದಿಲ್ಲ. ಹಾಗೆ ದಾಟಿದ ಕಾಗದ ಇಷ್ಟು ವರ್ಷದಲ್ಲಿ ಎರಡೇ. ಎರಡು ಸಲವೂ ಕಾಲೇಜು ಅವರ ಮಾತು ಕೇಳಿತ್ತು. ಈಗ ಏಳು ಸಹಿಯೂ ಬಿದ್ದಿತ್ತು. ಇನ್ನೊಂದು ಶನಿವಾರ ನೋಡೋಣ, ಸೋತರೆ ಸೋಮವಾರ ಕೊಡೋಣ ಎಂದು ಲೈಲ್ ಹೇಳಿದ್ದಕ್ಕೆ ಅದು ಗೇಲೆನ್‌ನ ಅಂಗಿಯ ಜೇಬಿನಲ್ಲಿ ಮಡಿಸಿಕೊಂಡು ಕೂತಿತ್ತು.

ಕೌಂಟರಿನ ಕೊನೆಯ ಸ್ಟೂಲಿನಲ್ಲಿ ಆರ್ಡಿತ್ ವಾನೆಕ್ ಗಸಗಸೆ ತುಂಬಿದ ಕೊಲಾಚಿ ಬನ್ನು ತಿನ್ನುತ್ತಿದ್ದಳು. ಅರವತ್ತೆಂಟರ ಹೆಂಗಸು, ತೆಳ್ಳಗೆ, ನೆಟ್ಟಗೆ. ಮೂವತ್ತೊಂದು ವರ್ಷದಿಂದ ತಂಡದ ಬಟ್ಟೆ ಒಗೆಯುವವಳು.

"ಆರ್ಡಿತ್, ನೀನು ಒಳಗಿನವಳು," ಅಂತ ವೆಂಡೆಲ್ ಕೂಗಿ ಕೇಳಿದ. "ಇನ್ನು ಮಿಕ್ಕಿರೋ ನಾಲ್ಕರಲ್ಲಿ ಎಷ್ಟು ಗೆಲ್ತೀವಿ ಹೇಳು."

"ಎಷ್ಟು ಗೆದ್ರೂ ಒಗೆಯೋದು ಅಷ್ಟೇ," ಅಂದಳು ಆರ್ಡಿತ್, ತಿರುಗದೆ.

ಮೇಜು ನಕ್ಕಿತು. ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು, ಪ್ರತಿ ವರ್ಷ ಆಕೆ ಇಂಥದ್ದೇ ಒಂದು ಹೇಳುತ್ತಿದ್ದಳು. ಯಾರ ಮೊಣಕಾಲು ಊದಿದೆ, ಯಾರು ಆಡುತ್ತಾರೆ, ಯಾರು ಆಡುವುದಿಲ್ಲ, ಯಾವುದನ್ನೂ ಆ ಬಾಯಿಂದ ಹೊರಡಿಸಲು ಊರಿಗೆ ಸಾಧ್ಯವಾಗಿರಲಿಲ್ಲ. ಆಕೆಗೆ ಆಟ ತಿಳಿಯದು ಎಂದು ಕೆಲವರು ತೀರ್ಮಾನಿಸಿದ್ದರು. ಗೇಲೆನ್ ಕೂಡ.

ಗುರುವಾರ ಬೆಳಗ್ಗೆ ಅವನು ವ್ಯಾಯಾಮಶಾಲೆಯ ನೆಲಮಾಳಿಗೆಗೆ ಇಳಿದ. ದೊಡ್ಡ ಒಗೆಯುವ ಯಂತ್ರದ ನೀರು ಹೊರಹಾಕುವ ಪಂಪು ಮಂಗಳವಾರ ಕೆಟ್ಟಿತ್ತು. ಹೊಸ ಪಂಪು ಬರಲು ಎರಡು ದಿನ ಹಿಡಿದಿತ್ತು. ಅಂಗಿ, ಚಡ್ಡಿ, ಟವೆಲುಗಳನ್ನು ಕಾಲೇಜು ಹೊರಗಿನ ಲಾಂಡ್ರಿಗೆ ಕಳಿಸಿತ್ತು. ಕೈಗವಸುಗಳನ್ನು ಮಾತ್ರ ಆರ್ಡಿತ್ ಬಿಟ್ಟುಕೊಟ್ಟಿರಲಿಲ್ಲ. ಅವು ಬಿಸಿಗೆ ಮುದುಡುತ್ತವೆ, ಬೇರೆಯವರ ಕೈಗೆ ಕೊಟ್ಟರೆ ಕೆಡುತ್ತವೆ ಎಂಬುದು ಆಕೆಯ ವಾದ. ಅವು ಎರಡು ಹಗ್ಗದ ಮೇಲೆ ಎರಡು ಸಾಲಾಗಿ, ಹೇಗಿದ್ದವೋ ಹಾಗೇ, ನೇತಾಡುತ್ತಿದ್ದವು.

ಎತ್ತರದ ಪುಟ್ಟ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು. ಸೋಪು, ವಿನೆಗರು, ಒದ್ದೆ ಸಿಮೆಂಟಿನ ವಾಸನೆ. ಗೇಲೆನ್ ಯಂತ್ರದ ಹಿಂದೆ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದರೆ, ಆರ್ಡಿತ್ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೆಲ್ಮೆಟ್ಟಿನ ಒಳಪಟ್ಟಿ ಉಜ್ಜುತ್ತಿದ್ದಳು. ಈ ಕೋಣೆಗೆ ಅವನು ಹತ್ತು ಸಲವಾದರೂ ಬಂದಿದ್ದ. ಪೈಪು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

"ಎಷ್ಟೊತ್ತು ಹಿಡಿಯುತ್ತೆ?" ಅಂತ ಆಕೆ ಕೇಳಿದಳು.

"ಒಂದು ಗಂಟೆ. ಅವಸರನಾ?"

"ಮಂಗಳವಾರದ ಸಾಲು ನೆನೆಹಾಕಬೇಕು. ಆ ಮಣ್ಣು ಆಗ್ಲೇ ಒಣಗಿದೆ, ಹಾಗೇ ಬಿಡಲ್ಲ. ಬುಧವಾರದ್ದು ಪರವಾಗಿಲ್ಲ, ಅದಕ್ಕೆ ನೆನೆಸೋದೇ ಬೇಡ."

"ಯಾಕೆ, ಬುಧವಾರ ಮೈದಾನದಲ್ಲಿ ಮಣ್ಣು ಇರಲ್ವಾ?"

"ಬುಧವಾರ ಮುಂಸಾಲಿನವರ ಬೆರಳಿಗೆ ಮಣ್ಣು ಆಗಲ್ಲ," ಅಂದಳು ಆಕೆ. ಬ್ರಷ್ಷು ನಿಲ್ಲಲಿಲ್ಲ. "ಅಂಗೈ ಕೊಳೆಯಾಗುತ್ತೆ. ಎದುರಿನವನ ಅಂಗಿ ಹಿಡ್ಕೊಂಡು ಹಿಡ್ಕೊಂಡು ಬೆವರು ಮೆತ್ತಿರುತ್ತೆ. ಬೆರಳ ತುದಿ ಮಾತ್ರ ಚೊಕ್ಕ. ಹಳೇ ಕೋಚ್ ಕಾಲದಲ್ಲಿ ಹೀಗಿರ್ಲಿಲ್ಲ. ಎಲ್ಲ ದಿನಾನೂ ಕಪ್ಪೇ. ಈ ವರ್ಷ ನಂಗೆ ಬುಧವಾರ ಅರ್ಧ ಗಂಟೆ ಉಳಿಯುತ್ತೆ."

ಗೇಲೆನ್‌ನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು.

ಮಂಗಳವಾರ ಓಟದ ಅಭ್ಯಾಸ. ಬುಧವಾರ ಎಸೆತದ ಅಭ್ಯಾಸ. ಊರಿಗೆಲ್ಲ ಗೊತ್ತಿದ್ದ ವಿಷಯ. ಅವನು ತೆವಳಿಕೊಂಡು ಹೊರಗೆ ಬಂದು, ಹಗ್ಗಗಳ ನಡುವೆ ಹೋಗಿ ನಿಂತ. ಎಡಕ್ಕೆ ಮಂಗಳವಾರದ ಸಾಲು: ಬಲಗೈಯ ಮೂರು ಬೆರಳ ತುದಿಗೂ ಕರಿ ಮಣ್ಣು ಹೊಲಿಗೆಯೊಳಗೆ ಇಳಿದು ಗಟ್ಟಿಯಾಗಿತ್ತು. ಬಲಕ್ಕೆ ಬುಧವಾರದ್ದು: ಆಟಕ್ಕಿಳಿಯುವ ಐವರ ಐದು ಜೊತೆಯ ಪೈಕಿ ಮೂರರಲ್ಲಿ ಬೆರಳ ತುದಿ ಅಂಗಡಿಯಿಂದ ತಂದಷ್ಟು ಬೆಳ್ಳಗೆ.

ಚೆಂಡು ಕದಲುವ ಮುನ್ನ ಮುಂಸಾಲಿನ ಐವರೂ ಬಗ್ಗಿ, ಒಂದು ಕೈಯ ಬೆರಳನ್ನು ನೆಲಕ್ಕೂರಿ ನಿಲ್ಲುತ್ತಾರೆ. ಓಟವಾದರೆ ಎದುರಿನವನನ್ನು ಮುಂದಕ್ಕೆ ನೂಕಬೇಕು. ಮೈಭಾರವೆಲ್ಲ ಬೆರಳ ಮೇಲೆ. ಎಸೆತವಾದರೆ ಹಿಂದಕ್ಕೆ ಸರಿದು ಎಸೆಯುವವನನ್ನು ಕಾಯಬೇಕು. ಭಾರ ಹಿಮ್ಮಡಿಯ ಮೇಲೆ, ಬೆರಳು ನೆಲ ಮುಟ್ಟಿದರೆ ಮುಟ್ಟಿತು. ಓಡುವುದನ್ನೇ ಆಡಿದ ತಂಡದಲ್ಲಿ ಇದರಿಂದ ಏನೂ ಆಗುತ್ತಿರಲಿಲ್ಲ. ಈಗ ಎದುರಾಳಿ ಆ ಕೈಯನ್ನು ನೋಡಿದರೆ ಸಾಕಿತ್ತು. ಲೈಲ್ ಹೇಳಿದ ಚೀಟಿ ಕೋಚಿನ ತಲೆಯಿಂದ ಹೊರಡುತ್ತಿರಲಿಲ್ಲ. ಮೂರು ಹುಡುಗರ ಬೆರಳಿನಿಂದ ಹೊರಡುತ್ತಿತ್ತು.

ಗೇಲೆನ್ ಮೆಲ್ಲನೆ ಬಗ್ಗಿ, ಒದ್ದೆ ಸಿಮೆಂಟಿಗೆ ಬೆರಳೂರಿ ನಿಂತ. ಮೊಣಕಾಲು ಎರಡೂ ಒಂದರ ಹಿಂದೊಂದು ಲಟಕ್ಕೆಂದವು.

"ಬಿದ್ರೆ ಎತ್ತೋಳು ನಾನಲ್ಲ," ಅಂದಳು ಆರ್ಡಿತ್.

ಅವನು ಭಾರವನ್ನು ಮುಂದೆ ಹಾಕಿದ, ಉಗುರುಗಳು ಬಿಳಿಚಿದವು. ಹಿಂದಕ್ಕೆ ತೆಗೆದುಕೊಂಡ, ಬೆರಳಿಗೆ ರಕ್ತ ಮರಳಿತು. ನಲವತ್ತು ವರ್ಷ ಈ ತಂಡವನ್ನು ನೋಡಿದ್ದ ತನ್ನ ಕಣ್ಣು ಯಾವಾಗಲೂ ಚೆಂಡಿನ ಹಿಂದೆ ಓಡಿತ್ತೇ ಹೊರತು, ತಾನೇ ಊರಿದ್ದ ಆ ಕೈಯ ಮೇಲೆ ಒಮ್ಮೆಯೂ ನಿಂತಿರಲಿಲ್ಲ. ಮೈದಾನದ ಮುಖವನ್ನೇ ನೋಡದೆ, ಈ ನೆಲಮಾಳಿಗೆಯಲ್ಲಿ, ಸೋಪಿನ ನೀರಿನಲ್ಲಿ ಇದನ್ನು ಓದಿದವಳು ಎದುರಿಗೆ ಕೂತಿದ್ದಳು. ಅವನಿಗೆ ಎದ್ದು ನಿಲ್ಲುವುದೇ ಮರೆಯಿತು.

"ಆರ್ಡಿತ್, ಇದು ಏನು ಅಂತ ಗೊತ್ತಾ ನಿಂಗೆ?"

"ಕೊಳೆ," ಅಂದಳು. ಆಮೇಲೆ ಅವನ ಮುಖ ನೋಡಿ, "ಗೊತ್ತು. ಸೆಪ್ಟೆಂಬರಿಂದ ಗೊತ್ತು," ಅಂದಳು.

"ಮತ್ತೆ ಹೇಳಬಾರದಾ? ಆ ಹುಡುಗನಿಗೆ ಹೇಳಿದ್ರೆ..." ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕಾಗದವನ್ನು ತೆಗೆದು ತೋರಿಸಿದ. "ಇದು ಸೋಮವಾರ ಹೋಗುತ್ತೆ. ಹೋದ್ರೆ ಅವನು ಕ್ರಿಸ್‌ಮಸ್ಸಿಗೆ ಮುಂಚೆ ಗಂಟು ಮೂಟೆ ಕಟ್ಟಬೇಕು."

ಆರ್ಡಿತ್ ಕಾಗದವನ್ನು ಮುಟ್ಟಲಿಲ್ಲ. ಬ್ರಷ್ಷನ್ನು ಕೆಳಗಿಟ್ಟು, ಕೈ ಒರೆಸಿಕೊಂಡಳು.

"ನಾನು ಸೇರಿ ಆರನೇ ವರ್ಷ. ಒಬ್ಬನ ಮೊಣಕಾಲಿನ ಪಟ್ಟಿಲಿ ಕೀವು ಕಂಡೆ. ಅವನು ಯಾರಿಗೂ ಹೇಳಿರ್ಲಿಲ್ಲ. ನಾನು ಒಳ್ಳೇದಕ್ಕೇ ಹೋಗಿ ಕೋಚ್‌ಗೆ ಹೇಳ್ದೆ. ಹುಡುಗನ್ನ ಆವತ್ತೇ ಕೂರಿಸಿದ್ರು. ಅವನ ಜಾಗ ಇನ್ನೊಬ್ಬನಿಗೆ ಹೋಯ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜಕ್ಕೆ ಊರಿಗೆ ಹೋದವನು ಕಾಲೇಜಿಗೆ ವಾಪಸ್ ಬರಲೇ ಇಲ್ಲ. ಮೊಣಕಾಲು ವಾಸಿ ಆಗಿರಬೋದು. ನಂಗೆ ಗೊತ್ತಿಲ್ಲ. ಅವತ್ತಿಂದ ಈ ಕೋಣೆಯಿಂದ ಹೊರಗೆ ಹೋಗೋದು ಒಗೆದ ಬಟ್ಟೆ ಮಾತ್ರ."

"ಇಲ್ಲಿ ಕೀವು ಗೀವು ಏನಿಲ್ಲ. ಒಂದು ಅಭ್ಯಾಸ ತಿದ್ದೋದು, ಎರಡು ದಿನದ ಕೆಲಸ."

"ಆ ಮೂವರಲ್ಲಿ ಅರವತ್ನಾಲ್ಕನೇ ನಂಬರಿನವನಿಗೆ ಇದು ಕೊನೇ ವರ್ಷ. ಅವನ ಹಿಂದೆ ಒಬ್ಬ ಮೊದಲ ವರ್ಷದವನು ಕಾದು ನಿಂತಿದಾನೆ. ಹೆಸರು ಹೇಳಿದ್ರೆ ತಿದ್ತಾರೋ, ತೆಗೀತಾರೋ? ನಿಂಗೆ ಗೊತ್ತಾ?"

ಗೇಲೆನ್ ಯಂತ್ರದ ಹಿಂದಕ್ಕೆ ಮರಳಿ ಪಂಪು ಕೂರಿಸತೊಡಗಿದ. ತಾನು ಹೋಗಿ ಹೇಳಿಬಿಡಬಹುದಿತ್ತು. ಕಂಡದ್ದು ಅವನ ಕಣ್ಣಿಗೇ. ಆದರೆ ಆ ಕೋಣೆ ಆಕೆಯದು, ಕಂಡದ್ದೂ ಆಕೆ ಹೇಳಿದ್ದರಿಂದ. ಬೋಲ್ಟು ತಿರುಗಿಸುತ್ತ ಅವನು ಕಾದ.

ಹಗ್ಗದ ಕಡೆಯಿಂದ ಕತ್ತರಿಯ ಸಣ್ಣ ಸದ್ದು ಕೇಳಿತು. ಅವನು ತಲೆ ಎತ್ತಿ ನೋಡಿದ. ಪ್ರತಿ ಕೈಗವಸಿನ ಮಣಿಕಟ್ಟಿನಲ್ಲಿ ನಂಬರು ಬರೆದ ಬಟ್ಟೆಯ ತುಂಡೊಂದನ್ನು ಆಕೆಯೇ ಹೊಲಿದಿರುತ್ತಿದ್ದಳು. ಈಗ ಒಂದೊಂದನ್ನೂ ಕತ್ತರಿಸಿ ತವರದ ಡಬ್ಬಿಗೆ ಹಾಕುತ್ತಿದ್ದಳು. ಮುಂಸಾಲಿನಲ್ಲಿ ಆಡುವವರೂ ಕಾಯುವವರೂ ಸೇರಿ ಹತ್ತು ಹುಡುಗರು, ಒಬ್ಬೊಬ್ಬನಿಗೆ ಎರಡು ದಿನದ ಎರಡು ಜೊತೆ. ನಲವತ್ತು ಕೈಗವಸು. ಕೊನೆಯದನ್ನು ಕತ್ತರಿಸಿದ ಮೇಲೆ ಒಂದೊಂದು ದಿನದವನ್ನು ಆ ದಿನದ ಹಗ್ಗದ ಮೇಲೇ ಹಿಂದೆಮುಂದೆ ಮಾಡಿ ನೇತುಹಾಕಿದಳು.

"ಕೋಚ್‌ನ ಕರೀತೀಯಾ?" ಅಂದಳು. "ಮೇಲಿನ ಮಹಡಿ. ಎಡಗಡೆ ಎರಡನೇ ಬಾಗಿಲು."

ಟ್ರೆಂಟ್ ಎಕಾರ್ಡ್ ಇಳಿದು ಬಂದ. ಹಣೆಯವರೆಗೆ ಎಳೆದ ಟೋಪಿ, ನಿದ್ದೆಗೆಟ್ಟ ಕಣ್ಣು. ಮೆಟ್ಟಿಲಲ್ಲಿ ಗೇಲೆನ್‌ಗೆ ಹೇಳಿದ: "ನಮ್ಮ ಅಡುಗೆಮನೆ ನಲ್ಲಿ ಸೋರ್ತಾ ಇದೆ ಸಾರ್. ಡಿಸೆಂಬರಿಗೂ ನಾವು ಇಲ್ಲೇ ಇದ್ರೆ ಕರೀತೀನಿ. ಇಲ್ಲಾಂದ್ರೆ ನಿಮಗ್ಯಾಕೆ ತೊಂದ್ರೆ." ಕುಹಕವಿರಲಿಲ್ಲ, ಆರು ವರ್ಷದಲ್ಲಿ ಐದು ಊರು ಬದಲಿಸಿದವನ ಸಾದಾ ಲೆಕ್ಕ. ಗೇಲೆನ್ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇಳಿದ.

"ಯಂತ್ರ ಕೆಟ್ಟಿತ್ತು, ಕೋಚ್," ಅಂದಳು ಆರ್ಡಿತ್. "ಇದು ಮಂಗಳವಾರದ್ದು. ಅದು ಬುಧವಾರದ್ದು. ಒಗೆಯೋಕೆ ಮುಂಚೆ ನೀವೊಂದು ಸಲ ನೋಡ್ಲಿ ಅಂತ."

ಇಷ್ಟು ಹೇಳಿ ಆಕೆ ತನ್ನ ಹೆಲ್ಮೆಟ್ಟಿಗೆ ಮರಳಿದಳು.

ಅವನು ಮೊದಲ ಸಾಲಿನ ಮುಂದೆ ನಡೆದ, ಎರಡನೆಯದರ ಮುಂದೆ ನಡೆದ. ಅರ್ಥವಾಗಲಿಲ್ಲ. ತಿರುಗಿ ಬಂದ. ಒಂದು ಕೈಗವಸಿನ ಬೆರಳನ್ನು ಹಿಡಿದು ಮಣ್ಣನ್ನು ಉಗುರಿನಿಂದ ಕೆರೆದ. ಆಚೆಯ ಸಾಲಿನದೊಂದನ್ನು ಹಿಡಿದ. ಟೋಪಿ ತೆಗೆದ.

"ನಾನು ಆಡ್ತಿದ್ದಾಗ ಎಸೆಯೋನಾಗಿದ್ದೆ," ಅಂದ ಕೊನೆಗೆ, ಯಾರಿಗೋ ಹೇಳುವವನ ಹಾಗೆ. "ಯಾವಾಗ್ಲೂ ಅವರ ಬೆನ್ನ ಹಿಂದೆ ನಿಂತು ನೋಡಿದೋನು. ಕೈ ಕಾಣೋದೇ ಇಲ್ಲ ಅಲ್ಲಿಂದ." ಆಮೇಲೆ, "ಇವು ಯಾರ್ಯಾರದ್ದು, ಮಿಸೆಸ್ ವಾನೆಕ್?"

"ಗುರುತು ಬಿಚ್ಚಿಬಿಟ್ಟಿದೀನಿ."

ಅವನು ಕತ್ತರಿಸಿದ ದಾರದ ಎಳೆಗಳನ್ನು ನೋಡಿದ, ಮೇಜಿನ ಮೇಲಿನ ಕತ್ತರಿಯನ್ನು ನೋಡಿದ, ಆಕೆಯನ್ನು ನೋಡಿದ. ವಯಸ್ಸು ಕಡಿಮೆಯಿದ್ದರೂ ದಡ್ಡನಲ್ಲ.

"ಸರಿ. ಹಾಗಾದ್ರೆ ಇಡೀ ಸಾಲಿಗೇ ಹೇಳ್ತೀನಿ," ಅಂದ. "ಹತ್ತೂ ಜನಕ್ಕೆ. ಒಂದೇ ಮಾತು: ಓಟಕ್ಕೂ ಎಸೆತಕ್ಕೂ ಕೈ ಒಂದೇ ಥರ."

ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದ ಸದ್ದು ಕೇಳಿತು.

ಪಂಪು ಓಡಿತು, ನೀರು ತುಂಬಿತು, ಇಳಿಯಿತು. ಗೇಲೆನ್‌ಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ, ಆದರೂ ಹೋಗಲಿಲ್ಲ. ನಲವತ್ತು ಕೈಗವಸು ಒಗೆದು ಹೊರಬಂದಾಗ ಎಲ್ಲವೂ ಒಂದೇ ಬಿಳುಪು, ಒಂದೇ ಅಳತೆ, ಕೊಕ್ಕರೆ ಗುಂಪಿನಲ್ಲಿ ಒಂದು ಕೊಕ್ಕರೆಯಂತೆ.

"ಈಗ ಹೇಗೆ?" ಅಂದ ಅವನು. "ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ."

ಆರ್ಡಿತ್ ಸೂಜಿಗೆ ದಾರ ಪೋಣಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಕೈಗವಸನ್ನು ತೆಗೆದು ಅದರೊಳಗೆ ತನ್ನ ಕೈ ತೂರಿಸಿ ಬೆರಳು ಮಡಿಸಿದಳು.

"ಎಪ್ಪತ್ತೊಂದು. ಹೆಬ್ಬೆರಳು ಎಂದೋ ಮುರಿದಿತ್ತು, ಒಳಗೆ ಬಾಗಿದೆ." ಗುರುತು ಹೊಲಿದಳು. ಇನ್ನೊಂದು. "ಐವತ್ತೈದು. ಎಡಗೈಯವನು, ಎಡಗಡೆ ಅಂಗೈ ಸವೆದಿರುತ್ತೆ." ಇನ್ನೊಂದು. "ಇವನು ಮಣಿಕಟ್ಟಿನ ಪಟ್ಟಿ ಹಲ್ಲಲ್ಲಿ ಎಳೀತಾನೆ. ಎಷ್ಟು ಹೇಳಿದ್ರೂ ಅಷ್ಟೇ." ಇನ್ನೊಂದನ್ನು ಹಾಕಿಕೊಂಡಳು. "ಅರವತ್ನಾಲ್ಕು. ಕಿರುಬೆರಳು ಯಾವಾಗ್ಲೂ ಮಡಿಚಿಕೊಂಡಿರುತ್ತೆ. ಹೆದರಿಕೆ ಅವನಿಗೆ. ಮೊದಲನೇ ವರ್ಷದಿಂದಲೂ."

ನಲವತ್ತೂ ಮುಗಿಯುವವರೆಗೆ ಗೇಲೆನ್ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ನೋಡಿದ. ಒಂದನ್ನೂ ಆಕೆ ಎರಡನೇ ಸಲ ಕೈಗೆತ್ತಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ, ವರ್ಷಕ್ಕೆ ಎಂಬತ್ತು ಹುಡುಗರು. ಊರು ಹೆಸರು ಮರೆತವರ ಕೈಗಳೂ ಆ ಕೈಯೊಳಗೆ ಇರಬೇಕು. ತಾನು ಆಡಿದ್ದು ಆಕೆ ಬರುವ ಮುಂಚೆ. ಅದಕ್ಕಾಗಿ ಅವನಿಗೆ, ಯಾಕೆಂದು ತಿಳಿಯದೆ, ಸಣ್ಣ ದುಃಖವಾಯಿತು.

ಹೊರಡುವಾಗ ಆಕೆ ಹೇಳಿದಳು: "ಮೇಜಿನವರಿಗೆ ಹೇಳಬೇಡ."

"ಇಲ್ಲ."

"ವೆಂಡೆಲ್‌ಗಂತೂ ಬೇಡ."

"ಅವನಿಗೆ ಹೇಳೋ ಬದಲು ರೇಡಿಯೋದಲ್ಲಿ ಹೇಳಬೋದು," ಅಂದ ಗೇಲೆನ್. ಆರ್ಡಿತ್ ನಕ್ಕಿದ್ದನ್ನು ಅವನು ಅವತ್ತೇ ಮೊದಲು ನೋಡಿದ್ದು.

ಶನಿವಾರ ಓಕ್ ಬ್ಲಫ್ ಕಾಲೇಜಿನ ತಂಡ ಬಂತು. ಗೇಲೆನ್ ಕಟ್ಟೆಯ ಮೇಲೆ ವೆಂಡೆಲ್, ಲೈಲ್‌ರ ನಡುವೆ ಕೂತು ಚೆಂಡನ್ನು ನೋಡಲೇ ಇಲ್ಲ. ಮೊದಲರ್ಧದಲ್ಲಿ ಹುಡುಗರು ತಡವರಿಸಿದರು; ಒಂದು ಸಲ ಕೈ ಭಾರ, ಒಂದು ಸಲ ಹಗುರ, ಇನ್ನೊಂದು ಸಲ ಮರೆತುಹೋಗಿ ಎರಡೂ ಅಲ್ಲದ್ದು. ಹದಿನಾಲ್ಕು ಅಂಕ ಹಿಂದೆ. ವೆಂಡೆಲ್ ಎರಡು ಸಲ ಟೋಪಿಯನ್ನು ನೆಲಕ್ಕೆ ಬಡಿದ.

ಆಟದ ಮೂರನೆಯ ಕಾಲುಭಾಗದಲ್ಲಿ ಎರಡು ಗಜ ಮುಂದೆ ಹೋಗಬೇಕಿತ್ತು. ಐದೂ ಹುಡುಗರು ಬಗ್ಗಿದರು. ಕೈಗವಸಿನೊಳಗೆ ಅರವತ್ನಾಲ್ಕರ ಉಗುರು ಕಾಣುವಂತಿರಲಿಲ್ಲ, ಆದರೆ ಹುಲ್ಲಿನೊಳಗೆ ಹೂತ ಆ ಬೆರಳುಗಳನ್ನೂ, ತೋಳಿನ ಬಿಗಿಯನ್ನೂ ಗೇಲೆನ್ ಕಂಡ. ಎದುರಾಳಿ ತಂಡದ ನಡುವಿನವನೂ ಅದನ್ನು ಕಂಡ. ತನ್ನವರಿಗೆ ಓಟವೆಂದು ಕೂಗಿ ಕೈಬೀಸಿದ; ಅವರೆಲ್ಲ ಮುಂದಕ್ಕೆ ನುಗ್ಗಿದರು. ಚೆಂಡು ಅವರ ತಲೆಯ ಮೇಲೆ, ಯಾರೂ ಇಲ್ಲದ ಬಯಲಿಗೆ ಓಡಿದ್ದ ಹುಡುಗನ ಕೈಗೆ, ಗಾಳಿಯಲ್ಲಿ ನಿಂತಂತೆ ಹೋಯಿತು.

ಕಟ್ಟೆಯೆಲ್ಲ ಎದ್ದು ನಿಂತಿತು. ಗೇಲೆನ್ ಕೂತೇ ಇದ್ದ. ಎದುರಾಳಿಯ ನಡುವಿನವನು ನಿಂತಲ್ಲೇ ನಿಂತು ಅರವತ್ನಾಲ್ಕರ ಕೈಯನ್ನು ನೋಡುತ್ತಿದ್ದ. ಇಡೀ ಮೈದಾನದಲ್ಲಿ ಆ ಹೊತ್ತು ಅಲ್ಲಿ ನೋಡುತ್ತಿದ್ದವರು ಅವರಿಬ್ಬರೇ.

ಮೂರು ಅಂಕದಿಂದ ಗೆದ್ದರು.

ಭಾನುವಾರ ದುಂಡು ಮೇಜಿನಲ್ಲಿ ಗೆಲುವಿಗೆ ಏಳು ಕಾರಣಗಳು ಸಿಕ್ಕವು. ಗಾಳಿ, ಓಕ್ ಬ್ಲಫ್‌ನವರ ಬಸ್ಸು ತಡವಾದದ್ದು, ಹುಡುಗರಿಗೆ ಕೊನೆಗೂ ರೋಷ ಬಂದದ್ದು. ಗೇಲೆನ್ ಬನ್ನನ್ನು ಸಾರಿನಲ್ಲಿ ಅದ್ದಿ ತಿಂದ.

"ಒಂದು ಶನಿವಾರಕ್ಕೇ ಮರುಳಾಗಬೇಡಿ," ಅಂದ ವೆಂಡೆಲ್. "ಆ ಹುಡುಗನಿಗೆ ಅದೃಷ್ಟ ಕುದುರ್ತು, ಅಷ್ಟೇ. ಕಾಗದ ತೆಗಿ ಗೇಲೆನ್. ನಾಳೆ ಕೊಟ್ಟುಬಿಡೋಣ."

"ಸೋತ್ರೆ ಕೊಡೋದು ಅಂತ ಇತ್ತು," ಅಂದ ಲೈಲ್.

"ಮುಂದಿನ ವಾರ ಸೋಲ್ತೀವಲ್ಲ."

ಗೇಲೆನ್ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದ. ಜೋಲೀನಳ ಕಿವಿಯ ಮೇಲಿದ್ದ ಪೆನ್ನನ್ನು ಕೇಳಿ ತೆಗೆದುಕೊಂಡು, ಮೊದಲನೆಯದಾಗಿದ್ದ ತನ್ನ ಸಹಿಯ ಮೇಲೆ ನೇರವಾಗಿ ಒಂದು ಗೆರೆ ಎಳೆದ. ಆರು ಸಹಿಯ ಕಾಗದ ಬಾಗಿಲು ದಾಟುವುದಿಲ್ಲವೆಂದು ಏಳು ಜನಕ್ಕೂ ಗೊತ್ತಿತ್ತು.

"ಏನಾಯ್ತೋ ನಿಂಗೆ?" ಅಂದ ವೆಂಡೆಲ್. "ಬರೆದವನು ನೀನು. ಅವನಿಗೆ ಆಟ ತಿಳಿಯಲ್ಲ ಅಂದವನು ನೀನು."

"ನಂಗೆ ತಿಳಿದಿರ್ಲಿಲ್ಲ," ಅಂದ ಗೇಲೆನ್.

"ಏನು ತಿಳಿದಿರ್ಲಿಲ್ಲ?"

ಗೇಲೆನ್ ಪೆನ್ನನ್ನು ಜೋಲೀನಳಿಗೆ ಹಿಂದಿರುಗಿಸಿದ.

"ಅಷ್ಟೇ. ತಿಳಿದಿರ್ಲಿಲ್ಲ."

"ಬರ್ಕೊಳ್ರೋ," ಅಂದ ವೆಂಡೆಲ್ ಉಳಿದವರಿಗೆ. "ದಿನ, ತಾರೀಖು ಹಾಕಿ ಬರ್ಕೊಳ್ಳಿ. ಶ್ರೋಡರ್ ತನ್ನ ತಪ್ಪು ಒಪ್ಕೊಂಡ." ಎಲ್ಲರೂ ನಕ್ಕರು, ಲೈಲ್ ಕಾಗದವನ್ನು ಮಡಿಸಿ ತನ್ನ ಬಟ್ಟಲಿನ ಕೆಳಗಿಟ್ಟುಕೊಂಡ. ಮಾತು ಮುಂದಿನ ಶನಿವಾರಕ್ಕೆ ಹೊರಳಿತು. ಗೇಲೆನ್ ಬನ್ನಿನ ಕೊನೆಯ ಚೂರನ್ನು ಬಾಯಿಗಿಟ್ಟು ಎದ್ದು, ಹೊರಗೆ ಬಂದು, ಟ್ರಕ್ಕಿನ ಹಿಂಭಾಗದಲ್ಲಿ ಆ ಹುಡುಗನ ಅಡುಗೆಮನೆ ನಲ್ಲಿಗೆ ಹೊಂದುವ ವಾಷರು ಇದೆಯೇ ಎಂದು ಹುಡುಕತೊಡಗಿದ.